ಸೆಂಟ್ರಲ್ ಕಾಲೇಜಿನಿಂದ ಹಾರ್ವರ್ಡ್‌ಗೆ: ಬಿ.ಜಿ.ಎಲ್. ಸ್ವಾಮಿ

ಫೈನಲ್ ಇಯರ್ ಬಂತೆಂದರೆ ನಮ್ಮ ಹೂಡಿಯ ಪಿ.ಜಿ.ಗಳಲ್ಲಿ ಮಾತೆಲ್ಲ ಜಿ.ಆರ್.ಇ., ಐ.ಇ.ಎಲ್.ಟಿ.ಎಸ್., ಎಸ್.ಒ.ಪಿ. ಸುತ್ತಲೇ. ವರ್ಡ್ ಲಿಸ್ಟ್ ಹೇಗೋ ಉರು ಹೊಡೆಯಬಹುದು. ಅರ್ಜಿಯಲ್ಲಿ ಸಂಶೋಧನೆಯ ಅನುಭವ ಕೇಳುವ ಕಾಲಂ ಬಂದಾಗ ಮಾತ್ರ ಕೈ ನಿಂತುಬಿಡುತ್ತದೆ. ಹೂಡಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಸೆಂಟ್ರಲ್ ಕಾಲೇಜಿನ ಹತ್ತಿರ ಇಳಿಯಬಹುದಲ್ಲ, ಅಲ್ಲಿ ಓದಿದ ಒಬ್ಬರಿಗೆ ಆ ಕಾಲಂ ಕಷ್ಟವಾಗುತ್ತಿರಲಿಲ್ಲ ಅನ್ನಿಸುತ್ತದೆ.

ಬಿ.ಜಿ.ಎಲ್. ಸ್ವಾಮಿ ಹುಟ್ಟಿದ್ದು 1918ರ ಫೆಬ್ರವರಿ 5ರಂದು. ತಂದೆ ಡಿ.ವಿ.ಜಿ. ಕಗ್ಗದ ಕವಿಯ ಮಗ ಹಿಡಿದದ್ದು ಸಸ್ಯಶಾಸ್ತ್ರ. 1939ರಲ್ಲಿ ಬಿ.ಎಸ್‌ಸಿ. ಆನರ್ಸ್ ಮುಗಿಯಿತು. ಆಮೇಲೆ ಅವರು ಬೆನ್ನು ಹತ್ತಿದ್ದು ಆರ್ಕಿಡ್, ಅಂದರೆ ನಮ್ಮ ಸೀತಾಳೆ ಗಿಡಗಳನ್ನು.

ಈ ಗಿಡಗಳ ಬೀಜ ಧೂಳಿನಷ್ಟು ಸಣ್ಣದು. ಅದರೊಳಗಿನ ಭ್ರೂಣದಲ್ಲಿ ಇರೋದೇ ಬೆರಳೆಣಿಕೆಯಷ್ಟೋ ಸ್ವಲ್ಪ ಹೆಚ್ಚೋ ಜೀವಕೋಶ. ಭ್ರೂಣ ಬೆಳೆಯುವುದನ್ನು ನೋಡಬೇಕೆಂದರೆ ಬೇರೆ ಬೇರೆ ವಯಸ್ಸಿನ ಮೊಗ್ಗು, ಕಾಯಿ ತಂದು, ಕೆಡದಂತೆ ದ್ರಾವಣದಲ್ಲಿಟ್ಟು, ಮೇಣದಲ್ಲಿ ಕೂರಿಸಿ, ಮೈಕ್ರೋಟೋಮ್‌ನಲ್ಲಿ ಕೆಲವೇ ಮೈಕ್ರಾನ್ ದಪ್ಪಕ್ಕೆ ಹೆರೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ನೋಡಿ ಚಿತ್ರ ಬರೆಯಬೇಕು. ಒಂದು ಹಂತ ತಪ್ಪಿಹೋದರೆ ಮುಂದಿನ ಹೂವಿನ ಕಾಲಕ್ಕೆ ಕಾಯಬೇಕು. ನಮ್ಮ ಕೋಡ್ ಕಂಪೈಲ್ ಆಗಲಿಲ್ಲ ಅಂತ ಗೊಣಗುವವರು ಇದನ್ನೊಮ್ಮೆ ಯೋಚಿಸಿ.

ಸ್ವಾಮಿಯವರ ಇಂಗ್ಲಿಷ್ ಪಳಗಿದ್ದು ಈ ಕೆಲಸದಲ್ಲಿಯೇ ಅನ್ನುವುದು ನಮ್ಮ ಊಹೆ. ಎಷ್ಟು ಕೋಶ, ಯಾವ ಕಡೆ ಗೋಡೆ ಬಿತ್ತು, ಯಾವುದರ ನಂತರ ಯಾವುದು ಅಂತ ಬರೆಯುವಾಗ ಅಲಂಕಾರಕ್ಕೆ ಜಾಗವೆಲ್ಲಿ? ಪಕ್ಕದಲ್ಲೇ ಇರುವ ಚಿತ್ರ ವಾಕ್ಯದ ಸುಳ್ಳನ್ನು ಹಿಡಿದುಕೊಡುತ್ತದೆ. 1942ರಲ್ಲೇ ಸಿಂಬಿಡಿಯಂ ಬೈಕಲರ್ ಎಂಬ ಆರ್ಕಿಡ್ ಬಗ್ಗೆ ಅವರ ಪ್ರಬಂಧ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದಿತ್ತು. 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಡಿ.ಎಸ್‌ಸಿ. ಕೊಟ್ಟಿತು. ಅಷ್ಟೆಲ್ಲ ಆದಮೇಲೆ ಹಾರ್ವರ್ಡ್.

ಅಲ್ಲಿ ಸಿಕ್ಕ ಗುರು ಇರ್ವಿಂಗ್ ಬೇಲಿ, ಮರದ ಒಳರಚನೆಯಲ್ಲಿ ಜಗತ್ತಿನ ದೊಡ್ಡ ಹೆಸರು. ಭ್ರೂಣದಿಂದ ಮರಕ್ಕೆ ವಿಷಯ ಬದಲಾಯಿತು, ಕೈ ಅದೇ. 1948ರಲ್ಲಿ ಇಬ್ಬರೂ ಸೇರಿ ನ್ಯೂ ಕ್ಯಾಲಿಡೋನಿಯದ ಅಂಬೊರೆಲ್ಲ ಎಂಬ ಪೊದೆಯ ಬಗ್ಗೆ ಬರೆದರು. ಹೂಬಿಡುವ ಬಹುತೇಕ ಗಿಡಗಳ ಕಾಂಡದಲ್ಲಿ ನೀರು ಹರಿಯಲು ಕೊಳವೆಯಂಥ ನಾಳಗಳಿರುತ್ತವೆ. ಈ ಪೊದೆಯಲ್ಲಿ ಅವೇ ಇಲ್ಲ! 1950ರಲ್ಲಿ ಸಾರ್ಕಾಂಡ್ರ ಎಂಬ ಕುಲದಲ್ಲೂ ಅದನ್ನೇ ತೋರಿಸಿದರು. ದಕ್ಷಿಣ ಭಾರತದ ಒಂದು ಸಾರ್ಕಾಂಡ್ರಕ್ಕೆ ಸ್ವಾಮಿಯವರು ಮುಂದೆ ಗುರುವಿನ ಹೆಸರನ್ನೇ ಇಟ್ಟರು.

ಅಮೆರಿಕದಲ್ಲೇ ಉಳಿಯಲಿಲ್ಲ. 1953ರಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ, ಆಮೇಲೆ ಅಲ್ಲೇ ಪ್ರಿನ್ಸಿಪಾಲ್. ಇಂಗ್ಲಿಷಿನಲ್ಲಿ ಒಂದು ನಗೆಗೂ ಎಡೆಗೊಡದ ಪ್ರಬಂಧಗಳನ್ನು ಬರೆದ ಮನುಷ್ಯ ಕನ್ನಡಕ್ಕೆ ಬಂದರೆ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾರೆ. ಕಾಲೇಜು ರಂಗ ಓದಿ, ಗೊತ್ತಾಗುತ್ತದೆ. ಅಲ್ಲಿನ ದಿನಗಳ ಬಗ್ಗೆ ಅಮೆರಿಕದಲ್ಲಿ ನಾನು ಎಂಬ ಪುಸ್ತಕವೂ ಇದೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಹಸುರು ಹೊನ್ನು ಕೃತಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲೂ ಗಿಡದ ಚಿತ್ರಗಳು ಅವರದೇ ಕೈಯವು. ತಮಾಷೆ ಎಷ್ಟೇ ಇರಲಿ, ಎಲೆಯ ಅಂಚು, ಹೂವಿನ ಎಸಳು ಒಂದಿಷ್ಟೂ ಆಚೀಚೆ ಆಗಿಲ್ಲ.

1980ರ ನವೆಂಬರ್ 2ರಂದು ಸ್ವಾಮಿಯವರು ತೀರಿಕೊಂಡರು. ಅದಾಗಿ 19 ವರ್ಷಕ್ಕೆ, 1999ರಲ್ಲಿ, ಡಿ.ಎನ್.ಎ. ಹಿಡಿದು ಹೊರಟ ವಿಜ್ಞಾನಿಗಳು ಹೂಬಿಡುವ ಗಿಡಗಳ ವಂಶವೃಕ್ಷದ ತೀರಾ ಬುಡದಲ್ಲಿ ಕವಲೊಡೆದ ಗಿಡ ಯಾವುದು ಅಂತ ಹುಡುಕಿದರು. ಸಿಕ್ಕಿದ್ದು ಅಂಬೊರೆಲ್ಲ.