ಪಂಡಿತ ತಾರಾನಾಥರು

ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯು ಮುಂದೆ ರಾಯಚೂರು ಸೀಮೆಯನ್ನು ಮುಟ್ಟುತ್ತದೆ. ಆ ಸೀಮೆಯನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡವರು ಪಂಡಿತ ತಾರಾನಾಥರು.

1891ರಲ್ಲಿ ಮಂಗಳೂರಿನಲ್ಲಿ ಜನಿಸಿದ ಅವರು ವೈದ್ಯಶಿಕ್ಷಣಕ್ಕಾಗಿ ಹೈದರಾಬಾದಿಗೆ ತೆರಳಿದರು. ಬಳಿಕ, ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿನಲ್ಲಿ ಶಾಲೆಯೊಂದನ್ನು ಸ್ಥಾಪಿಸಿ, ಅದಕ್ಕೆ ‘ಹಮ್‌ದರ್ದ್’ ಎಂದು ಹೆಸರಿಟ್ಟರು. ಪರರ ನೋವಿನಲ್ಲಿ ಪಾಲುಗೊಳ್ಳುವವನು ಎಂಬುದು ಆ ಉರ್ದು ಪದದ ಅರ್ಥ. ಹಿಂದೂ-ಮುಸಲ್ಮಾನರ ಐಕ್ಯಕ್ಕಾಗಿ ದುಡಿದ ಅವರು ನಿಜಾಮ ಸರ್ಕಾರದ ಅವಕೃಪೆಗೆ ಪಾತ್ರರಾದರು. ಆದರೂ ಎದೆಗುಂದದೆ ತುಂಗಭದ್ರೆಯ ತೀರದಲ್ಲಿ ‘ಪ್ರೇಮಾಯತನ’ವೆಂಬ ಆಶ್ರಮವನ್ನು ಕಟ್ಟಿದರು. ಅಲ್ಲಿ ಆಯುರ್ವೇದದ ಚಿಕಿತ್ಸೆ ನಡೆಯುತ್ತಿತ್ತು. ಸ್ವತಃ ಸಂಗೀತಜ್ಞರಾಗಿದ್ದ ಅವರ ಬಾಳಿನಲ್ಲಿ ನಾದಕ್ಕೂ ಹಿರಿಯ ಸ್ಥಾನವಿತ್ತು.

1942ರಲ್ಲಿ ತಾರಾನಾಥರು ಕಾಲವಶರಾದರು. ರೋಗಿಯ ನಾಡಿಯನ್ನು ಮಾತ್ರವಲ್ಲ, ಅವನ ನುಡಿಯನ್ನೂ ನಂಬಿಕೆಯನ್ನೂ ಅರಿತಾಗಲೇ ಶುಶ್ರೂಷೆ ಪೂರ್ಣವಾಗುತ್ತದೆ. ಮುಂದೆ ದಾದಿಯರೋ ವೈದ್ಯರೋ ಆಗಲಿರುವ ವಿದ್ಯಾರ್ಥಿಗಳಿಗೆ ‘ಹಮ್‌ದರ್ದ್’ ಎಂಬ ಆ ಒಂದು ಪದವೇ ದಾರಿದೀಪ.