ಅರ್ಥಶಾಸ್ತ್ರಕ್ಕೆ ಬಂದ ಬಳಸುದಾರಿ

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂಬುದನ್ನು ನಮ್ಮ ಮಕ್ಕಳು ನಿರ್ಧರಿಸಬೇಕಾಗುತ್ತದೆ. ಅನೇಕ ಮನೆಗಳಲ್ಲಿ ಆ ನಿರ್ಧಾರ ಪೋಷಕರದೇ ಆಗಿರುತ್ತದೆ. ಬೇಡಿಕೆ-ಪೂರೈಕೆಯ ಪಾಠದೊಡನೆ ನಮಗೆಲ್ಲ ಪರಿಚಿತರಾದ ಆಲ್‌ಫ್ರೆಡ್ ಮಾರ್ಷಲ್ ಕೂಡ ಅಂತಹ ಮನೆಯಿಂದಲೇ ಬಂದವರು.

1842ರಲ್ಲಿ ಲಂಡನ್ನಿನಲ್ಲಿ ಜನಿಸಿದ ಮಾರ್ಷಲ್ಲರ ತಂದೆ ಬ್ಯಾಂಕ್ ಆಫ್ ಇಂಗ್ಲೆಂಡಿನ ನೌಕರರು, ಕಟ್ಟುನಿಟ್ಟಿನ ಧರ್ಮನಿಷ್ಠರು. ಮಗ ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಭಾಷೆಗಳನ್ನು ಓದಿ ಪಾದ್ರಿಯಾಗಬೇಕೆಂಬುದು ಅವರ ಹಂಬಲ. ಅದಕ್ಕೆ ವಿದ್ಯಾರ್ಥಿವೇತನವೂ ಒದಗಿತ್ತು. ಆದರೆ ಮಗನಿಗೆ ಒಲಿದದ್ದು ಗಣಿತ. ವಿದ್ಯಾರ್ಥಿವೇತನವನ್ನು ಬಿಟ್ಟುಕೊಟ್ಟ ಅವರು, ತಂದೆಯ ಸಹೋದರರೊಬ್ಬರಿಂದ ಸಾಲ ಪಡೆದು 1861ರಲ್ಲಿ ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜು ಸೇರಿದರು. 1865ರ ಗಣಿತ ಪರೀಕ್ಷೆಯಲ್ಲಿ ದ್ವಿತೀಯ ಸ್ಥಾನ ಅವರದಾಯಿತು. ಪ್ರಥಮ ಸ್ಥಾನ ಪಡೆದವರು ಮುಂದೆ ಭೌತವಿಜ್ಞಾನದಲ್ಲಿ ನೊಬೆಲ್ ಗಳಿಸಿದ ಲಾರ್ಡ್ ರೇಲಿ.

ಮಾರ್ಷಲ್ಲರ ಒಲವು ಅಲ್ಲಿಯೂ ನಿಲ್ಲಲಿಲ್ಲ. ಭೌತವಿಜ್ಞಾನದ ಸಂಶೋಧನೆಯ ಯೋಚನೆ ಹಿಂದೆ ಸರಿದು, ತತ್ತ್ವಶಾಸ್ತ್ರ ಮುಂದೆ ಬಂತು. ಕಾಂಟ್‌ನ ಅಧ್ಯಯನಕ್ಕೆ ಜರ್ಮನ್ ಭಾಷೆ ಕಲಿತರು. ನೀತಿಶಾಸ್ತ್ರ, ಮನಃಶಾಸ್ತ್ರಗಳಲ್ಲಿ ಮುಳುಗಿದರು. ಬಡತನ ಅನಿವಾರ್ಯವೇ ಎಂಬ ನೈತಿಕ ಪ್ರಶ್ನೆಯೇ ಅವರನ್ನು ಅರ್ಥಶಾಸ್ತ್ರದ ಬಾಗಿಲಿಗೆ ತಂದಿತು. ರಜೆಯ ದಿನಗಳಲ್ಲಿ ನಗರಗಳ ಬಡ ಕೇರಿಗಳಲ್ಲಿ ನಡೆದಾಡಿ, ಅಲ್ಲಿಯ ಮುಖಗಳನ್ನು ನೋಡಿದ ಬಳಿಕ ಅವರ ಆಯ್ಕೆ ಗಟ್ಟಿಯಾಯಿತು.

1885ರಲ್ಲಿ ಕೇಂಬ್ರಿಡ್ಜಿನ ಪ್ರಾಧ್ಯಾಪಕರಾದ ಅವರು 1890ರಲ್ಲಿ ‘ಪ್ರಿನ್ಸಿಪಲ್ಸ್ ಆಫ್ ಎಕನಾಮಿಕ್ಸ್’ ಪ್ರಕಟಿಸಿದರು. ಆ ಗ್ರಂಥದಲ್ಲಿ ರೇಖಾಚಿತ್ರಗಳು ಅಡಿಟಿಪ್ಪಣಿಗೂ ಗಣಿತ ಅನುಬಂಧಕ್ಕೂ ಸರಿದಿವೆ. ಮುಖ್ಯ ಪಠ್ಯ ಸಾಮಾನ್ಯ ಓದುಗನಿಗೂ ನಿಲುಕುತ್ತದೆ. ಗಣಿತವನ್ನು ಬಲ್ಲವರಿಗೆ ಮಾತ್ರ ಸಾಧ್ಯವಾಗುವ ಸಂಯಮವಿದು. 1903ರಲ್ಲಿ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಆನರ್ಸ್ ವ್ಯಾಸಂಗ ದೊರಕಿದ್ದು ಅವರ ಪ್ರಯತ್ನದಿಂದಲೇ. ಪಿಗೂ, ಕೇನ್ಸ್ ಅವರ ಶಿಷ್ಯರು. ಮಾರ್ಷಲ್ 1924ರಲ್ಲಿ ನಿಧನರಾದರು.

ಈ ಅಲೆದಾಟಕ್ಕೆ ಪ್ರತಿಭೆಯೊಂದೇ ಸಾಲುತ್ತಿರಲಿಲ್ಲ. ಬಂಧುವಿನ ಸಾಲವೂ ಕಾಲೇಜಿನ ಫೆಲೋಶಿಪ್ಪೂ ಇಲ್ಲದಿದ್ದರೆ ಅವರು ತಂದೆ ತೋರಿದ ದಾರಿಯನ್ನೇ ಹಿಡಿಯಬೇಕಾಗುತ್ತಿತ್ತು. ಉಳ್ಳವರ ಮಕ್ಕಳಿಗೆ ವಿಷಯ ಬದಲಿಸಲು ಒಂದು ವರ್ಷ ಕಳೆದರೂ ನಡೆಯುತ್ತದೆ. ಇಲ್ಲದವರಿಗೆ ಅದು ಕುಟುಂಬದ ಒಂದು ವರ್ಷದ ಸಂಪಾದನೆ. ಆದ್ದರಿಂದ ಹಲವು ವಿಷಯಗಳ ರುಚಿ ನೋಡಿ ಒಂದನ್ನು ಆರಿಸಿಕೊಳ್ಳುವ ಅವಕಾಶವನ್ನು ಪೋಷಕರ ಜೇಬಿಗೆ ಬಿಡದೆ, ಪಠ್ಯಕ್ರಮದಲ್ಲಿಯೇ ಕಲ್ಪಿಸುವುದು ನ್ಯಾಯ. ಬಡತನದ ಪ್ರಶ್ನೆಯಿಂದ ಅರ್ಥಶಾಸ್ತ್ರಕ್ಕೆ ಬಂದವರ ಬದುಕು ಸೂಚಿಸುವುದೂ ಇದನ್ನೇ.