ತಮ್ಮೂಜನ ಬೆನ್ನು ಹತ್ತಿದ ಪಂಡಿತ

ಇರಾಕ್, ಸಿರಿಯಾ ದೇಶಗಳಲ್ಲಿ ಜುಲೈ ತಿಂಗಳಿಗೆ ಇಂದಿಗೂ ತಮ್ಮೂಜ್ ಎಂಬ ಹೆಸರಿದೆ. ಯೆಹೂದ್ಯರ ಪಂಚಾಂಗದಲ್ಲಿಯೂ ಬೇಸಗೆಯ ಒಂದು ಮಾಸದ ಹೆಸರು ಇದೇ. ಜೆರೂಸಲೇಮಿನ ದೇವಾಲಯದ ಉತ್ತರ ದ್ವಾರದಲ್ಲಿ ಹೆಂಗಸರು ತಮ್ಮೂಜನಿಗಾಗಿ ಅಳುತ್ತ ಕುಳಿತಿದ್ದುದನ್ನು ಪ್ರವಾದಿ ಯೆಹೆಜ್ಕೇಲನು ತನ್ನ ದರ್ಶನದಲ್ಲಿ ಕಂಡು ಅದನ್ನು ಮಹಾಪಾಪವೆಂದು ಎಣಿಸಿದ ಸಂಗತಿ ಬೈಬಲಿನಲ್ಲಿದೆ. ಯಾರು ಈ ತಮ್ಮೂಜ್? ಅವನು ಸತ್ತುದು ಹೇಗೆ? ಸತ್ತವನು ಮರಳಿ ಬಂದನೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸವೆಸಿದವರು ಸ್ಯಾಮ್ಯುಯೆಲ್ ನೋವಾ ಕ್ರೇಮರ್.

ಕ್ರೇಮರರು ಹುಟ್ಟಿದ್ದು 1897ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದ ಕೀವ್ ಪ್ರಾಂತಕ್ಕೆ ಸೇರಿದ ಝಷ್ಕಿವ್ ಎಂಬ ಸಣ್ಣ ಊರಿನಲ್ಲಿ. ಯೆಹೂದ್ಯರ ಮೇಲಿನ ಹಿಂಸೆಯನ್ನು ತಾಳಲಾರದೆ ಮನೆಯವರು ಅಮೆರಿಕೆಗೆ ಹೋಗಿ ಫಿಲಡೆಲ್ಫಿಯಾದಲ್ಲಿ ನೆಲೆಸಿದರು. ತಂದೆ ಅಲ್ಲಿ ಹೀಬ್ರೂ ಪಾಠಶಾಲೆ ನಡೆಸುತ್ತಿದ್ದರು. ಮಗ ಪದವಿ ಪಡೆದರೂ ಯಾವ ಕೆಲಸದಲ್ಲಿಯೂ ನಿಲ್ಲಲಿಲ್ಲ. ಕೆಲಕಾಲ ತಂದೆಯ ಶಾಲೆಯಲ್ಲಿ ಪಾಠ ಹೇಳಿದರು. ಬರವಣಿಗೆಯನ್ನೂ ವ್ಯಾಪಾರವನ್ನೂ ಮಾಡಿ ನೋಡಿದರು. ಮೂವತ್ತು ಸಮೀಪಿಸಿದಾಗ, ಬಾಲ್ಯದಲ್ಲಿ ಕಲಿತ ಹೀಬ್ರೂ ಒಂದೇ ತಮ್ಮ ಕೈಯಲ್ಲಿರುವ ಬಂಡವಾಳವೆಂದು ಕಂಡುಕೊಂಡು ಪ್ರಾಚ್ಯವಿದ್ಯೆಯ ಅಭ್ಯಾಸಕ್ಕೆ ತೊಡಗಿದರು. 1929ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ದೊರೆಯಿತು. ತಡವಾಗಿ ಹೊರಟ ಪಯಣಿಗನಿಗೆ ದೀರ್ಘಾಯುಷ್ಯ ದೊರೆತದ್ದು ವಿದ್ವತ್ ಪ್ರಪಂಚದ ಭಾಗ್ಯವೆನ್ನಬೇಕು.

1932ರಲ್ಲಿ ಅವರು ಷಿಕಾಗೋ ವಿಶ್ವವಿದ್ಯಾನಿಲಯದ ಪ್ರಾಚ್ಯ ಸಂಸ್ಥೆಯನ್ನು ಸೇರಿದರು. ಮಾರನೆಯ ವರ್ಷ ಅಲ್ಲಿನ ಪ್ರಾಧ್ಯಾಪಕ ಎಡ್ವರ್ಡ್ ಕಿಯೆರಾ ಅಕಾಲ ಮರಣಕ್ಕೆ ತುತ್ತಾದರು. ಅವರು ನಕಲು ಮಾಡಿಟ್ಟಿದ್ದ ಸುಮೇರಿಯನ್ ಕಾವ್ಯಗಳ ಹಸ್ತಪ್ರತಿಗಳನ್ನು ಅಚ್ಚಿಗೆ ಅಣಿಗೊಳಿಸುವ ಹೊಣೆ ಕ್ರೇಮರರ ಪಾಲಿಗೆ ಬಂದಿತು. ಅಂದಿನಿಂದ ಕೊನೆಯವರೆಗೆ ಅವರು ಆ ಸಾಹಿತ್ಯವನ್ನು ಬಿಡಲಿಲ್ಲ.

ಆ ಸಾಹಿತ್ಯ ಸಿಕ್ಕಿದ ಬಗೆಯನ್ನು ಇಲ್ಲಿ ಹೇಳಬೇಕು. ದಕ್ಷಿಣ ಇರಾಕಿನ ನಿಪ್ಪೂರ್ ಎಂಬ ಹಳೆಯ ನಗರದ ದಿಬ್ಬಗಳನ್ನು 1889ರಿಂದ 1900ರವರೆಗೆ ಪೆನ್ಸಿಲ್ವೇನಿಯಾದವರು ಅಗೆದರು. ಬೆಣೆಯಾಕಾರದ ಲಿಪಿಯಲ್ಲಿ ಬರೆದ ಸಹಸ್ರಾರು ಮಣ್ಣಿನ ಫಲಕಗಳು ದೊರೆತವು. ಹೆಚ್ಚಿನವು ಒಡೆದ ಚೂರುಗಳು. ಅವುಗಳಲ್ಲಿ ಕೆಲವು ಇಸ್ತಾಂಬುಲಿಗೆ ಹೋದವು, ಕೆಲವು ಫಿಲಡೆಲ್ಫಿಯಾಕ್ಕೆ ಬಂದವು. ಒಂದೇ ಫಲಕದ ಮೇಲರ್ಧ ಒಂದು ಖಂಡದಲ್ಲಿಯೂ ಕೆಳಗಿನರ್ಧ ಇನ್ನೊಂದು ಖಂಡದಲ್ಲಿಯೂ ಉಳಿದುದುಂಟು! ಕಾವ್ಯಫಲಕಗಳಲ್ಲಿ ಬಹುಪಾಲು ಕ್ರಿಸ್ತಪೂರ್ವ 1800ರ ಆಸುಪಾಸಿನ ಶಾಲಾ ಹುಡುಗರು ಗುರುಗಳ ಎದುರು ಕುಳಿತು ಬರೆದ ನಕಲುಗಳು. ಆ ವೇಳೆಗಾಗಲೇ ಸುಮೇರಿಯನ್ ಮನೆಮಾತಾಗಿ ಉಳಿದಿರಲಿಲ್ಲ. ನಮ್ಮಲ್ಲಿ ಸಂಸ್ಕೃತವನ್ನು ಕಲಿಯುವಂತೆ ಅವರು ಅದನ್ನು ಪಾಠಶಾಲೆಯಲ್ಲಿ ಕಲಿಯುತ್ತಿದ್ದರು. 1937ರಲ್ಲಿ ಕ್ರೇಮರರು ಇಸ್ತಾಂಬುಲಿಗೆ ಹೋಗಿ 150ಕ್ಕೂ ಹೆಚ್ಚು ಫಲಕಗಳನ್ನೂ ಚೂರುಗಳನ್ನೂ ಕೈಯಾರೆ ನಕಲು ಮಾಡಿಕೊಂಡರು. ಮುಂದೆ ಫಿಲಡೆಲ್ಫಿಯಾದ ವಿಶ್ವವಿದ್ಯಾನಿಲಯ ವಸ್ತುಸಂಗ್ರಹಾಲಯದಲ್ಲಿ ಫಲಕಗಳ ಪಾಲಕರಾಗಿ 1968ರವರೆಗೆ ದುಡಿದರು.

ತಮ್ಮೂಜನ ಸುಮೇರಿಯನ್ ಹೆಸರು ದುಮುಜಿ. ಅವನು ಕುರುಬ ದೇವತೆ. ಪ್ರೇಮಕ್ಕೂ ಯುದ್ಧಕ್ಕೂ ಅಧಿದೇವತೆಯಾದ ಇನಾನ್ನಾಳ ಪತಿ. ವಸಂತದಲ್ಲಿ ಹಾಲು, ಮರಿಗಳು ಸಮೃದ್ಧವಾಗಿರುತ್ತವೆ. ಬೇಸಗೆಯಲ್ಲಿ ಹುಲ್ಲು ಸುಟ್ಟು ಕುರಿಹಟ್ಟಿ ಬಿಕೋ ಎನ್ನುತ್ತದೆ. ಆಗ ದುಮುಜಿ ಸತ್ತನೆಂದು ಜನ ಗೋಳಾಡುತ್ತಿದ್ದರು. ಆ ಗೋಳಿನ ಹಾಡುಗಳು ಹಲವು ಉಳಿದಿವೆ. ಎಮೆಸಲ್ ಎಂಬ ವಿಶಿಷ್ಟ ನುಡಿಭೇದದಲ್ಲಿ, ಕಾವ್ಯಗಳಲ್ಲಿ ದೇವಿಯರ ಮಾತಿಗೆ ಬಳಸುವ ನುಡಿಯಲ್ಲಿ, ಅವುಗಳ ರಚನೆ. ಗಲ ಎಂಬ ಶೋಕಗಾಯಕ ಅರ್ಚಕರು ಅಂಥ ಹಾಡುಗಳನ್ನು ಹಾಡುತ್ತಿದ್ದರು. ಅಳುವವರು ಮೂವರು ಹೆಂಗಸರು: ತಾಯಿ, ತಂಗಿ, ಹೆಂಡತಿ. ತಂಗಿ ಗೆಷ್ತಿನಾನ್ನಾ ಅಣ್ಣನ ಕೆಟ್ಟ ಕನಸಿಗೆ ಅರ್ಥ ಹೇಳುತ್ತಾಳೆ. ದೂತರು ಹಿಂಸಿಸಿದರೂ ಅವನು ಅಡಗಿದ ತಾಣವನ್ನು ಬಿಟ್ಟುಕೊಡುವುದಿಲ್ಲ. ಕೊನೆಗೆ ಅವನು ತಂಗಿಯ ಹಟ್ಟಿಯಲ್ಲಿಯೇ ಸಿಕ್ಕಿಬೀಳುತ್ತಾನೆ; ಮಜ್ಜಿಗೆ ಕಡೆಯುವ ಗಡಿಗೆ ಬರಿದಾಗಿ ನೆಲಕ್ಕುರುಳುತ್ತದೆ. ಯಾವ ಸಿಂಗಾರವೂ ಇಲ್ಲದೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಈ ಪದ್ಯಗಳು ಮೊದಲ ಓದಿಗೆ ಬೇಸರ ತರಬಹುದು. ಆದರೆ ಸಾವಿನ ಮನೆಯಲ್ಲಿ ಅಳು ಹೊಸ ಮಾತುಗಳನ್ನು ಹುಡುಕುವುದಿಲ್ಲವಷ್ಟೆ.

ಹೆಂಡತಿಯ ಅಳುವಿನಲ್ಲಿಯೇ ತೊಡಕು ಇತ್ತು. ನಿನೆವೆಯ ಅಸ್ಸೂರ್‌ಬಾನಿಪಾಲನ ಗ್ರಂಥಾಲಯದಲ್ಲಿ ಸಿಕ್ಕಿದ ಇಷ್ತಾರಳ ಪಾತಾಳಯಾನದ ಕಥೆಯನ್ನು ಓದಿ, ದೇವಿ ಪಾತಾಳಕ್ಕೆ ಇಳಿದದ್ದು ಸತ್ತ ಗಂಡನನ್ನು ಬಿಡಿಸಿ ತರಲೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಸತ್ತು ಮತ್ತೆ ಏಳುವ ದೇವತೆಗಳನ್ನು ಕುರಿತ ಜೇಮ್ಸ್ ಫ್ರೇಜರರ ವಿಚಾರಸರಣಿಗೂ ಇದು ಹೊಂದಿಕೊಳ್ಳುತ್ತಿತ್ತು. ಇನಾನ್ನಾಳ ಅವತರಣದ ಸುಮೇರಿಯನ್ ಕಾವ್ಯವನ್ನು ಚೂರು ಚೂರಾಗಿ ಕೂಡಿಸುತ್ತಿದ್ದ ಕ್ರೇಮರರೂ ಮೊದಲು ಹಾಗೆಯೇ ತಿಳಿದಿದ್ದರು. ಕಾವ್ಯದ ಅಂತ್ಯ ಮಾತ್ರ ಸಿಕ್ಕಿರಲಿಲ್ಲ.

ಅದು ಯೇಲ್ ವಿಶ್ವವಿದ್ಯಾನಿಲಯದ ಸಂಗ್ರಹದ ಒಂದು ಫಲಕದಲ್ಲಿ ದೊರೆಯಿತು. 1951ರಲ್ಲಿ ಕ್ರೇಮರರು ಅದನ್ನು ಪ್ರಕಟಿಸಿದಾಗ ಕಥೆ ತಲೆಕೆಳಗಾಯಿತು. ಇನಾನ್ನಾ ಏಳು ಬಾಗಿಲುಗಳಲ್ಲಿ ಒಂದೊಂದಾಗಿ ಆಭರಣ ಕಳಚಿ, ಅಕ್ಕ ಎರೆಷ್ಕಿಗಲಳ ಎದುರು ಸತ್ತು, ಎಂಕಿ ದೇವನ ಉಪಾಯದಿಂದ ಬದುಕಿ ಮೇಲೆ ಬರುತ್ತಾಳೆ. ಆದರೆ ತನ್ನ ಬದಲಿಗೆ ಒಬ್ಬರನ್ನು ಒಪ್ಪಿಸದೆ ಪಾತಾಳದಿಂದ ಬಿಡುಗಡೆಯಿಲ್ಲ. ತನಗಾಗಿ ಮಣ್ಣಿನಲ್ಲಿ ಹೊರಳಿ ಅತ್ತವರನ್ನು ಅವಳು ಕೊಡಲೊಲ್ಲಳು. ಗಂಡನೊಬ್ಬ ಒಳ್ಳೆಯ ಉಡುಪು ತೊಟ್ಟು ಪೀಠದ ಮೇಲೆ ಸುಖವಾಗಿ ಕುಳಿತಿದ್ದಾನೆ. ಅವನನ್ನೇ ದೂತರ ಕೈಗೆ ಕೊಡುತ್ತಾಳೆ! ಬಿಡಿಸಿ ತರಲು ಹೋದವಳೆಂದು ನಾವು ತಿಳಿದಿದ್ದವಳು ಅವನನ್ನು ಕಳುಹಿಸಿದವಳು. ತಾನೇ ಕೊಟ್ಟವನಿಗಾಗಿ ತಾನೇ ಅಳುವ ಹೆಣ್ಣನ್ನು ನೆನೆದು ಮತ್ತೊಮ್ಮೆ ಓದಿದರೆ ಆ ಶೋಕಗೀತೆಗಳ ಧ್ವನಿಯೇ ಬೇರೆಯಾಗುತ್ತದೆ.

ತಮ್ಮ ಹಳೆಯ ಅಭಿಪ್ರಾಯವನ್ನು ಕ್ರೇಮರರು ತಾವೇ ತಳ್ಳಿಹಾಕಿದರು. ಅಷ್ಟಕ್ಕೆ ನಿಲ್ಲದೆ, ದುಮುಜಿ ಪಾತಾಳದಿಂದ ಎಂದೂ ಮರಳಲಿಲ್ಲವೆಂದು ಖಂಡಿತವಾಗಿ ಸಾರಿದರು. ಸುಮೇರಿಯನ್ ಮೂಲದಲ್ಲಿ ಪುನರುತ್ಥಾನದ ಕುರುಹೇ ಇಲ್ಲವೆಂಬುದು ಅವರ ವಾದವಾಯಿತು. ಇಲ್ಲಿ ಅವರು ಸ್ವಲ್ಪ ಅವಸರಪಟ್ಟರೆಂದೇ ನಮಗೆ ತೋರುತ್ತದೆ. ಯೇಲ್ ಫಲಕದಲ್ಲಿಯೂ ಕಾವ್ಯ ಮುಗಿದಿರಲಿಲ್ಲ.

1963ರಲ್ಲಿ ಊರ್ ನಗರದ ಫಲಕಗಳ ಒಂದು ಸಂಪುಟ ಪ್ರಕಟವಾಯಿತು. ಅದರಲ್ಲಿದ್ದ ಒಂದು ತುಣುಕು ಅದೇ ಕಾವ್ಯದ ಕೊನೆಯ ಭಾಗವೆಂದು ಗೊತ್ತಾಯಿತು. ವರ್ಷದಲ್ಲಿ ಅರ್ಧ ದುಮುಜಿ ಪಾತಾಳದಲ್ಲಿರತಕ್ಕದ್ದು, ಉಳಿದರ್ಧ ತಂಗಿ ಗೆಷ್ತಿನಾನ್ನಾ ಅವನ ಬದಲಿಗೆ ಇರತಕ್ಕದ್ದು ಎಂಬ ತೀರ್ಪು ಅಲ್ಲಿತ್ತು. ಅಂದರೆ ಅವನು ಪ್ರತಿ ವರ್ಷವೂ ಮೇಲೆ ಬರುತ್ತಿದ್ದ. ಆದರೆ ಅವನನ್ನು ತಂದದ್ದು ಹೆಂಡತಿಯ ಸಾಹಸವಲ್ಲ, ತಂಗಿಯ ಆರು ತಿಂಗಳು. ಆಗ ಕ್ರೇಮರರಿಗೆ ಎಪ್ಪತ್ತು ವರ್ಷ ಸಮೀಪಿಸಿತ್ತು. ತಮ್ಮ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿದ ಪುಸ್ತಕಗಳಲ್ಲಿ ವಿರುದ್ಧವಾದ ಮಾತು ಅಚ್ಚಾಗಿತ್ತು. 1966ರಲ್ಲಿ ಅವರು ಒಂದು ಸಣ್ಣ ಲೇಖನ ಬರೆದು, ಅದು ದುಮುಜಿಯ ವಾರ್ಷಿಕ ಪುನರುತ್ಥಾನವನ್ನು ಕುರಿತ ಮುಖ್ಯ ತಿದ್ದುಪಡಿಯೆಂದು ಶೀರ್ಷಿಕೆಯಲ್ಲಿಯೇ ಹೇಳಿಕೊಂಡರು. 1969ರಲ್ಲಿ ಇನಾನ್ನಾ-ದುಮುಜಿಯರ ವಿವಾಹವಿಧಿಯನ್ನು ಕುರಿತು ಹೊರತಂದ ಗ್ರಂಥದಲ್ಲಿ ದುಮುಜಿ ಮರಳಿ ಬರುವ ದೇವತೆಯಾಗಿಯೇ ಇದ್ದಾನೆ.

ಅವರ ಓದನ್ನು ಒಪ್ಪದವರೂ ಇದ್ದರು. ಥಾರ್ಕಿಲ್ಡ್ ಯಾಕಬ್ಸನ್ನರು ಅದೇ ಕಾವ್ಯಗಳನ್ನು ಹಲವೆಡೆ ಬೇರೆ ರೀತಿಯಲ್ಲಿ ಬಿಡಿಸಿದರು. ಕ್ರೇಮರರು 1986ರಲ್ಲಿ ಆತ್ಮಕಥೆ ಬರೆದು, 1990ರ ನವೆಂಬರಿನಲ್ಲಿ ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕೂಡಿಸಿದ ಆ ಕಾವ್ಯ ಮಂಗಳ ಹಾಡುವುದು ಇನಾನ್ನಾಳಿಗೂ ಅಲ್ಲ, ದುಮುಜಿಗೂ ಅಲ್ಲ. ಪಾತಾಳದ ಒಡತಿ ಎರೆಷ್ಕಿಗಲಳಿಗೆ.